ತಿಕ್ಕಿದಷ್ಟೂ ಮಬ್ಬಾಗುವ ಗ್ಲಾಸು

ಹೆಡ್‌ಲೈಟಿನ ಗ್ಲಾಸು ತಿಕ್ಕುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದು: ಗಿರಾಕಿಯನ್ನು ಎದುರಿನ ಚಹಾದಂಗಡಿಗೆ ಕಳಿಸಿ. ಅವನು ಒಲ್ಲೆ ಎಂದರೆ ಚಹಾ ನೀವೇ ಕುಡಿಸಿ, ಆದರೆ ಕಳಿಸಿ. ಹಳದಿಗಟ್ಟಿದ ಗ್ಲಾಸಿಗೆ ವಾಟರ್ ಪೇಪರ್ ಎಂಬ ಮರಳುಕಾಗದ ಹಚ್ಚಿ, ನೀರು ಬಿಡುತ್ತ ತಿಕ್ಕಿದರೆ ಅದು ಮೊದಲಿಗೆ ತಿಳಿಯಾಗುವುದಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಪೂರ್ತಿ ಬೆಳ್ಳಗಾಗುತ್ತದೆ. ಹಾಳಾದ ಮೇಲ್ಪದರ ಹೋಗಲೇಬೇಕು, ಅದು ಹೋಗುವಾಗ ಹಾಗೆಯೇ ಕಾಣುವುದು. ನಮಗೆ ಅದು ದಿನದ ಕೆಲಸ. ಕಾರಿನ ಮಾಲೀಕನಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಗಜೇಂದ್ರಗಡದ ಒಬ್ಬ ಅಡತಿ ವ್ಯಾಪಾರಿ ಇದ್ದರು. ಚಹಾ ಬೇಡ, ಇಲ್ಲೇ ನಿಂತು ನೋಡುತ್ತೇನೆ ಎಂದು ಹಟ ಹಿಡಿದರು. ಗ್ಲಾಸು ಬೆಳ್ಳಗಾದದ್ದೇ ತಡ, ತಲೆಯ ಮೇಲೆ ಕೈ ಹೊತ್ತು ಟೈರಿನ ಮೇಲೆ ಕುಳಿತುಬಿಟ್ಟರು.

"ಏನ್ ಮಾಡಿಬಿಟ್ರಿ ಬಾಯಾರ! ಮೊದಲ ಅರ್ಧಾರ ಬೆಳಕ ಬೀಳ್ತಿತ್ತು. ಈಗ ಪೂರಾ ಕುರುಡ ಮಾಡಿ ಇಟ್ರಲ್ಲ!"

"ಸ್ವಲ್ಪ ತಡೀರಿ ಅಣ್ಣಾರ, ಇನ್ನೂ ಕೆಲಸ ಐತಿ," ಎಂದೆ. ಅವರು ತಡೆಯಲಿಲ್ಲ. ಫೋನು ತೆಗೆದು ತಮ್ಮನಿಗೆ, "ಕಾರ್ ಹೋತಪಾ, ಲಗೂನ ಬಾ," ಎಂದರು. ಆ ಕಡೆಯಿಂದ ಅವನು ಎಲ್ಲಿ ಬಿತ್ತು ಎಂದು ಕೇಳಿರಬೇಕು. "ಬಿದ್ದಿಲ್ಲೋ, ನಿಂತಲ್ಲೇ ಹೋತು!" ಎಂದು ಕಿರುಚಿದರು. ತಮ್ಮ ಪಾಪ, ಏದುಸಿರು ಬಿಡುತ್ತ ಇನ್ನಿಬ್ಬರನ್ನು ಹಿಂದೆ ಕೂರಿಸಿಕೊಂಡು ಮೋಟರ್ ಸೈಕಲ್ಲಿನಲ್ಲಿ ರೋಣಕ್ಕೆ ಬಂದಿಳಿಯುವಷ್ಟರಲ್ಲಿ ನಾನು ನುಣುಪು ಪೇಪರ್ ಮುಗಿಸಿ, ಪಾಲಿಶ್ ಹೊಡೆದು, ಒರೆಸಿ ಇಟ್ಟಿದ್ದೆ. ಗ್ಲಾಸಿನಲ್ಲಿ ಅಣ್ಣ ತಮ್ಮ ಇಬ್ಬರ ಮೀಸೆಯೂ ಕಾಣುತ್ತಿತ್ತು. ಮುಂದಿನ ವಾರ ತಮ್ಮನ ಗಾಡಿಯೂ ನನ್ನ ಹತ್ತಿರವೇ ಬಂತು.

ನನ್ನ ಹೆಸರು ಶಾಂತವ್ವ. ರೋಣದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದಿರುವ ಫಕೀರಪ್ಪ ಮಿಸ್ತ್ರಿಯ ಗ್ಯಾರೇಜಿನಲ್ಲಿ ಕೂದಲು ನೆರೆಯುವವರೆಗೆ ದುಡಿದೆ. ಈಗ ಮಂಡಿ ಮಡಚಲು ಕೊಡುವುದಿಲ್ಲ, ಹಾಗಾಗಿ ಕೆಲಸ ಬಿಟ್ಟಿದ್ದೇನೆ. ಗ್ಯಾರೇಜಿಗೆ ನಾನು ಹೋದದ್ದು ಸೀಟ್ ಕವರ್ ಹೊಲಿಯಲು. ರೆಕ್ಸಿನ್ ಹೊಲಿಯುವ ಮಷಿನ್ನು ಒಂದು ಮೂಲೆಯಲ್ಲಿ, ನಾನು ಅದರ ಹಿಂದೆ. ಒಂದು ದಿನ ಪೇಂಟರ್ ಬಂದಿರಲಿಲ್ಲ. ಮಿಸ್ತ್ರಿ ಬಿಚ್ಚಿದ ಹೆಡ್‌ಲೈಟೊಂದನ್ನು ತಂದು ನನ್ನ ಮಡಿಲಿಗೆ ಇಟ್ಟರು.

"ಶಾಂತವ್ವಾ, ನಿನ್ನ ಕೈ ಹಗುರ ಐತಿ. ಇದನ್ನ ಒಂದ್ ನೋಡು."

ಹೊಲಿಗೆಯವಳ ಬೆರಳಿಗೆ ಬಟ್ಟೆಯ ಏರುತಗ್ಗು ಗೊತ್ತಾಗುವಂತೆ ಗ್ಲಾಸಿನ ಏರುತಗ್ಗೂ ಗೊತ್ತಾಯಿತು. ಅಂದು ಹಿಡಿದದ್ದನ್ನು ಮತ್ತೆ ಬಿಡಲಿಲ್ಲ. ಸೀಟ್ ಕವರ್ ಮಷಿನ್ನಿನ ಮೇಲೆ ಆಮೇಲೆ ಮಿಸ್ತ್ರಿಯ ಊಟದ ಡಬ್ಬಿ ಕೂರತೊಡಗಿತು.

ಫಕೀರಪ್ಪ ಮಿಸ್ತ್ರಿಯ ಬಗ್ಗೆ ಹೇಳಬೇಕು. ಅವರು ಬೈಯುತ್ತಿದ್ದದ್ದು ಗಾಡಿಗಳನ್ನು, ಮನುಷ್ಯರನ್ನಲ್ಲ. ಬಾನೆಟ್ ಎತ್ತಿದರೆಂದರೆ, "ಏ ಹಡಬಿಟ್ಟಿ, ಎಣ್ಣಿ ಎಲ್ಲಿ ಕುಡದು ಬಂದಿ?" ಎಂದು ಎಂಜಿನ್ನಿಗೇ ಕೇಳುವರು. ಹೊಸ ಗಿರಾಕಿಗಳು ತಮಗೇ ಅಂದರೆಂದು ಗಾಬರಿಯಾಗುತ್ತಿದ್ದರು. ನಮ್ಮಲ್ಲಿ ಯಾರಾದರೂ ತಪ್ಪು ಮಾಡಿದರೆ ಮಾತ್ರ ಮಾತೇ ಆಡುತ್ತಿರಲಿಲ್ಲ. ನಾನು ಕೆಲಸ ಕಲಿಯುವ ಕಾಲಕ್ಕೆ ಅವಸರದಲ್ಲಿ ಒಂದು ಗ್ಲಾಸನ್ನು ಪೆಟ್ರೋಲಿನಿಂದ ಒರೆಸಿದೆ. ಗ್ಲಾಸು ಎಂದು ಎಲ್ಲರೂ ಕರೆದರೂ ಅದು ಪ್ಲಾಸ್ಟಿಕ್ಕು. ಪೆಟ್ರೋಲ್ ತಾಗಿ, ಬೇಸಿಗೆಯ ಕೆರೆಯ ತಳದ ಹಾಗೆ ತುಂಬಾ ಬಿರುಕು ಬಿಟ್ಟಿತು. ಮಿಸ್ತ್ರಿ ಅದನ್ನು ತಿರುಗಿಸಿ ನೋಡಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ದಸರೆಯ ಖಂಡೆ ಪೂಜೆಯ ದಿನ ಸ್ಪ್ಯಾನರು, ಜಾಕುಗಳಿಗೆಲ್ಲ ಹೂ ಏರಿಸುವಾಗ ಅದಕ್ಕೂ ಒಂದು ಚೆಂಡುಹೂವಿನ ಮಾಲೆ ಹಾಕಿ, "ನಮ್ಮ ಶಾಂತವ್ವನ ಗುರುಗಳು ಇವರ," ಎಂದು ಕೈಮುಗಿದರು. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂತು. ಆ ಗ್ಲಾಸು ಇಂದಿಗೂ ಅಲ್ಲೇ ಇದೆ, ಪ್ರತಿ ವರ್ಷ ಮಾಲೆಯೂ ಬೀಳುತ್ತದೆ.

ಆಗ ಊರ ತುಂಬ ಟೂತ್‌ಪೇಸ್ಟಿನ ಹುಚ್ಚು. ಯಾರೋ ಮೊಬೈಲಿನಲ್ಲಿ ನೋಡಿ ಬಂದು ಹೇಳಿದರು, ಹಲ್ಲಿಗೆ ಹಚ್ಚುವ ಪೇಸ್ಟು ಹಚ್ಚಿ ತಿಕ್ಕಿದರೆ ಹೆಡ್‌ಲೈಟು ಹೊಳೆಯುತ್ತದೆ ಎಂದು. ಹೊಳೆಯುವುದು ಖರೇ. ರೋಣದಲ್ಲಿ ಹಚ್ಚಿದರೆ ನರೇಗಲ್ ತಲುಪುವವರೆಗೆ ಹೊಳೆಯುತ್ತದೆ. ನಾವೂ ಕೆಲವು ಗಾಡಿಗಳಿಗೆ ಹಚ್ಚಿದೆವು, ಇಡೀ ಗ್ಯಾರೇಜು ಮುಖ ತೊಳೆದು ಬಂದವರ ಹಾಗೆ ಘಮಘಮಿಸುತ್ತಿತ್ತು. ಆಮೇಲೆ ಬುದ್ಧಿ ಬಂದು ವಾಟರ್ ಪೇಪರು, ಪಾಲಿಶು, ಕೊನೆಗೆ ಬಿಸಿಲು ತಡೆಯುವ ತಿಳಿ ಲ್ಯಾಕರಿನ ಪದರ ಎಂದು ಕ್ರಮ ಹಿಡಿದೆವು. ಆ ಕೊನೆಯ ಪದರವೇ ಜೀವ. ಅದಿಲ್ಲದಿದ್ದರೆ ನಮ್ಮ ಕಡೆಯ ಬಿಸಿಲಿಗೆ ಗ್ಲಾಸು ಮತ್ತೆ ಬೇಗ ಹಳದಿಯಾಗುತ್ತದೆ. ಅದಿದ್ದರೆ ಗಿರಾಕಿ ನಿಮ್ಮ ಮುಖವನ್ನೇ ಮರೆಯುವಷ್ಟು ಕಾಲ ತಿರುಗಿ ಬರುವುದಿಲ್ಲ. ಹಾಗೆಂದು ನಾನು ಎದೆ ತಟ್ಟಿ ಹೇಳುತ್ತಿದ್ದ ಕಾಲಕ್ಕೇ ಗಿರಿಜಾ ಟೀಚರ್ ಕಾರು ಗ್ಯಾರೇಜಿಗೆ ಬಂತು.

ಗಿರಿಜಾ ಟೀಚರ್ ಮನೆ ರೋಣದಲ್ಲಿ, ಶಾಲೆ ಯಾವಗಲ್ ದಾರಿಯ ಒಂದು ಹಳ್ಳಿಯಲ್ಲಿ. ಕಾರು ಅವರ ಮಾವ ನೌಕರಿಯಿಂದ ನಿವೃತ್ತರಾದಾಗ ಕೊಂಡದ್ದು, ಬಿಳಿ ಬಣ್ಣದ್ದು, ವಯಸ್ಸಾದರೂ ಗಟ್ಟಿಯಾಗಿತ್ತು. ಮಾವ ತೀರಿಕೊಂಡ ಮೇಲೆ ಅದನ್ನು ಯಾರು ಓಡಿಸಬೇಕೆಂಬ ಪ್ರಶ್ನೆ ಬಂದಾಗ, ಟೀಚರ್ ಗಂಡ "ನನ್ನಿಂದ ಆಗೂದಿಲ್ಲ" ಎಂದು ಗದಗಿನ ಬಸ್ಸು ಹತ್ತಿದರಂತೆ. ಅವರ ನೌಕರಿ ಗದಗಿನಲ್ಲಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಅವರಿಗೆ ಲೋಕವೇ ಸಿಕ್ಕ ಹಾಗೆ. ಟೀಚರೇ ಡ್ರೈವಿಂಗ್ ಕಲಿತರು.

ಅವರು ಶಾಲೆಯಲ್ಲಿ ಹುಡುಗಿಯರ ಖೋ ಖೋ ತಂಡ ಕಟ್ಟಿದ್ದರು. ಆಟದ ಅಭ್ಯಾಸ ಸಂಜೆ, ಬಿಸಿಲು ಇಳಿದ ಮೇಲೆ. ಅದು ಮುಗಿಯುವ ಹೊತ್ತಿಗೆ ಬಸ್ಸು ಇರುವುದಿಲ್ಲ. ಸುತ್ತಲಿನ ಹಳ್ಳಿಗಳಿಂದ ಬರುವ ಹುಡುಗಿಯರ ತಂದೆತಾಯಿಗಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಟೀಚರೇ ಪ್ರತಿಯೊಬ್ಬಳನ್ನೂ ಮನೆಯ ಬಾಗಿಲಿಗೆ ಬಿಡಬೇಕು. ಟೀಚರ್ ಬಿಡುತ್ತಿದ್ದರು. ಒಂದು ಕಾರಿನಲ್ಲಿ ಎಷ್ಟು ಹುಡುಗಿಯರು ಹಿಡಿಯುತ್ತಿದ್ದರು ಎಂದು ಮಾತ್ರ ಕೇಳಬೇಡಿ.

"ಶಾಂತಕ್ಕಾ, ನಿನ್ನೆ ಜೋಳದ ಕಣಿಕಿ ತುಂಬಿದ ಟ್ರ್ಯಾಕ್ಟರ್ ಮುಂದ ನಿಂತಿತ್ತು," ಎಂದರು ಟೀಚರ್. "ಹಿಂದ ಲೈಟ್ ಇಲ್ಲ, ಏನಿಲ್ಲ. ಇನ್ನೇನ್ ಗುದ್ದತೀನಿ ಅನ್ನೂವಾಗ ಕಾಣಿಸ್ತು. ಕಾರ್ ತುಂಬ ಹುಡುಗ್ಯಾರು."

ಹೆಡ್‌ಲೈಟು ನೋಡಿದೆ. ಗ್ಲಾಸು ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಬಲ್ಬು ಉರಿಯುತ್ತಿದ್ದರೂ ಬೆಳಕು ಒಳಗೇ ಉಳಿಯುತ್ತಿತ್ತು.

"ಬೆಳಕ ಸರಿ ಆಗಲಿಲ್ಲ ಅಂದ್ರ ನಾ ಸಂಜಿ ಪ್ರಾಕ್ಟೀಸ್ ಬಿಡಬೇಕಾಗ್ತೈತಿ. ಈ ವರ್ಷ ತಾಲೂಕ ಪಂದ್ಯ ಆಡೂದೈತಿ."

"ಬಿಡೂದ್ಯಾಕ ಟೀಚರ್? ನಾ ಇಲ್ಲೇನು?" ಎಂದೆ. ಜಂಬದ ಮಾತೇ ಸರಿ. ಆದರೆ ಮಾಡಿಯೂ ತೋರಿಸಿದೆ. ಸುತ್ತಲೂ ಟೇಪು ಅಂಟಿಸಿ, ಒರಟು ಪೇಪರಿನಿಂದ ನುಣುಪು ಪೇಪರಿನವರೆಗೆ ಕೈಯಾಡಿಸಿ, ಪಾಲಿಶ್ ಹೊಡೆದು, ಲ್ಯಾಕರ್ ಬಿಟ್ಟು, ಬಿಸಿಲಲ್ಲಿ ಒಣಗಿಸಿ ಕೊಟ್ಟೆ. ಟೀಚರ್ ಮರುದಿನ ಪೇಢೆ ತಂದರು. ಮಿಸ್ತ್ರಿ ನನ್ನ ಪಾಲಿನದನ್ನೂ ತಿಂದರು.

ಅಮಾವಾಸ್ಯೆ ಕಳೆದು ಕೆಲವು ದಿನಕ್ಕೆ ಕಾರು ತಿರುಗಿ ಬಂತು. ಗ್ಲಾಸು ಮತ್ತೆ ಮಬ್ಬು. ನನಗೆ ನಂಬಿಕೆಯೇ ಬರಲಿಲ್ಲ. ಲ್ಯಾಕರಿನ ಡಬ್ಬಿಯ ಮೇಲೆ ಅನುಮಾನ ಬಂತು. ಹಳೆಯ ಮಾಲು ಕೊಟ್ಟಿದ್ದಾನೆಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದು, ಹೊಸ ಡಬ್ಬಿ ತರಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಈ ಸಲ ಎರಡು ಪದರ ಬಿಟ್ಟೆ. ಕಾರು ಹೊಳೆಯುತ್ತ ಹೋಯಿತು. ಮುಂದಿನ ಅಮಾವಾಸ್ಯೆ ಕಳೆಯಿತು, ಮಬ್ಬಾಗಿಯೇ ಬಂತು.

"ಇವಕ್ಕ ವಯಸ್ಸಾಗೇತಿ. ತಗದ ಒಗದು ಬ್ಯಾರೆ ಹಾಕು," ಎಂದರು ಮಿಸ್ತ್ರಿ.

ಬೇರೆ ಹಾಕಲು ಸಿಗಬೇಕಲ್ಲ! ಆ ಮಾದರಿಯ ಕಾರು ಮಾಡುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಮಿಸ್ತ್ರಿ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಒಂದು ಜೋಡಿ ತಂದರು. ಗ್ಲಾಸುಗಳು ಹಾಲುಗಲ್ಲದ ಕೂಸಿನ ಹಾಗೆ ಚೆನ್ನಾಗಿದ್ದವು, ಬಲ್ಬು ಕೂರುವ ಹಿಂದಿನ ಡಬ್ಬಿಗಳು ಮಾತ್ರ ನುಜ್ಜುಗುಜ್ಜು. ಅಲ್ಲಿನ ಗ್ಲಾಸು ಬಿಡಿಸಿ ಇಲ್ಲಿನ ಡಬ್ಬಿಗೆ ಕೂರಿಸಬೇಕು. ಗ್ಲಾಸನ್ನು ಹಿಡಿದಿರುವ ಅಂಟು ಹದವಾದ ಬಿಸಿ ತಾಗದೆ ಸಡಿಲವಾಗುವುದಿಲ್ಲ. ನಮ್ಮಲ್ಲಿ ಆಗ ಬಿಸಿಗಾಳಿಯ ಮಷಿನ್ನು ಇರಲಿಲ್ಲ.

ಹಾಗಾಗಿ ಬೇಕರಿಯ ಭಟ್ಟಿ. ಬೇಕರಿ ಗುರಪ್ಪ ನಮ್ಮ ಗ್ಯಾರೇಜಿನ ಸಾಲಿನವನೇ. ಕೇಳಿದ ಕೂಡಲೇ ಕೈ ಅಲ್ಲಾಡಿಸಿದ.

"ಏ ಬ್ಯಾಡ್ರಿ ಮಿಸ್ತ್ರಿ, ಮಂದಿ ಏನಂದಾರು? ಬನ್ ಬೇಯಿಸೂ ಜಾಗಾದಾಗ ಹೆಡ್‌ಲೈಟ್ ಬೇಯಿಸ್ತಾರ ಅಂತಾರ!"

"ಬನ್ನೆಲ್ಲಾ ತಗದ ಮ್ಯಾಲ, ಭಟ್ಟಿ ಆರೂ ಹೊತ್ತಿನಾಗ ಇಡೂಣು. ನಿನ್ನ ಸ್ಕೂಟರ್ ಪಾಲಿಶ್ ನಂದು," ಎಂದರು ಮಿಸ್ತ್ರಿ. ಗುರಪ್ಪ ಕರಗಿದ. ಕೊನೆಯ ಟ್ರೇ ಹೊರಬಂದ ಮೇಲೆ, ಹಲಗೆಯ ಮೇಲೆ ಬಟ್ಟೆ ಹಾಸಿ ಹೆಡ್‌ಲೈಟುಗಳನ್ನು ಒಳಗಿಟ್ಟೆವು. ನಾನು ಬಾಗಿಲಲ್ಲಿ ಬಗ್ಗಿ ನಿಂತೆ; ಬಿಸಿ ಹೆಚ್ಚಾದರೆ ಗ್ಲಾಸು ಸೊಟ್ಟಗಾಗುತ್ತದೆ. ಅಂಟು ಮೆತ್ತಗಾದ ಹೊತ್ತು ನೋಡಿ ತೆಗೆದು, ಸಣ್ಣ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿದೆ. ಬಂತು, ಒಂದು ಗೀರಿಲ್ಲದೆ ಬಂತು! ಆ ವಾರವಿಡೀ ಊರವರು ಗುರಪ್ಪನಿಗೆ ಖಾರಾ ಬನ್ನಿನಲ್ಲಿ ಡೀಸೆಲ್ ವಾಸನೆ ಇದೆ ಎಂದು ಹೇಳಿ ಗೋಳು ಹೊಯ್ದುಕೊಂಡರು. ಬನ್ನೇನೋ ದಿನವೂ ಸಂಜೆಗೇ ಖಾಲಿಯಾಗುತ್ತಿತ್ತು.

ಅಷ್ಟೆಲ್ಲ ಮಾಡಿ ಕೂರಿಸಿದ ಗ್ಲಾಸು, ಮುಂದಿನ ಅಮಾವಾಸ್ಯೆ ದಾಟುತ್ತಲೇ ಮಬ್ಬಾಯಿತು.

ಮುಂದಿನ ತಿಂಗಳು ಪೂರ್ತಿ ಟೀಚರ್ ಹೇಗೋ ಅದೇ ಬೆಳಕಿನಲ್ಲಿ ತೆವಳುತ್ತ ಓಡಾಡಿದರು. ಆಮೇಲೆ ಒಂದು ದಿನ ಗ್ಯಾರೇಜಿಗೆ ಬಂದು ಕಾರು ನಿಲ್ಲಿಸಿ, ಇಳಿಯದೆ ಒಳಗೇ ಕುಳಿತರು. ನಾನೇ ಕಿಟಕಿಯ ಹತ್ತಿರ ಹೋದೆ.

"ಸಾಕ ಮಾಡ್ತೀನಿ ಶಾಂತಕ್ಕಾ. ನಾಳಿ ಹುಡುಗ್ಯಾರಿಗೆ ಹೇಳ್ತೀನಿ, ಪ್ರಾಕ್ಟೀಸ್ ಇಲ್ಲ ಅಂತ. ಒಂದ ದಿನ ಏನರ ಆದ್ರ ಅವರ ಅವ್ವ ಅಪ್ಪಗ ಏನ್ ಮಾರಿ ತೋರಸ್ಲಿ?"

ನಾನು ಶಾಲೆಗೆ ಹೋಗುವಾಗ ಆಟವೆಂದರೆ ಹುಡುಗರದ್ದು, ನಾವು ಹುಡುಗಿಯರು ಗೋಡೆಗೆ ಒರಗಿ ನೋಡುವವರು. ಈ ಹುಡುಗಿಯರು ಮೈದಾನಕ್ಕೆ ಇಳಿದಿದ್ದರು. ನನ್ನ ಕೈಕೆಲಸ ಬಾಳಿಕೆ ಬಾರದ್ದರಿಂದ ಅವರು ಮತ್ತೆ ಗೋಡೆಗೆ ಒರಗುವುದೇ? ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಒಂದ ದಿನ ತಡೀರಿ ಟೀಚರ್. ನಾಳಿ ಒಂದ ದಿನ ಏನೂ ಹೇಳಬ್ಯಾಡ್ರಿ."

ಅವರು ಚಹಾಕ್ಕೆ ಹೋದಾಗ ನಾನು ಹೆಡ್‌ಲೈಟಿನ ಮುಂದೆ ಕುಳಿತು, ಇಷ್ಟು ದಿನ ನೋಡದ ಹಾಗೆ ನೋಡಿದೆ. ಬಿಸಿಲಿಗೆ ಹಾಳಾದ ಗ್ಲಾಸು ಮೇಲ್ಭಾಗದಲ್ಲಿ ಹೆಚ್ಚು ಹಳದಿಯಾಗುತ್ತದೆ, ಧೂಳಿಗೆ ಹಾಳಾದದ್ದರ ಮೇಲೆ ಚುಕ್ಕಿ ಬೀಳುತ್ತವೆ. ಇದರಲ್ಲಿ ಎರಡೂ ಇರಲಿಲ್ಲ. ಸಣ್ಣ ಸಣ್ಣ ಗೀರು, ಎಲ್ಲವೂ ದುಂಡಗೆ. ಮಿಸ್ತ್ರಿಯೂ ಬಗ್ಗಿ ನೋಡಿದರು.

"ಶಾಂತವ್ವಾ, ಇದು ಕೈಯಿಂದ ತಿಕ್ಕಿದ್ದು. ಭಾಳ ಮನಸಿಟ್ಟು ತಿಕ್ಕ್ಯಾರ."

ಗ್ಲಾಸಿನ ಅಂಚಿನ ಸಂದಿಯಲ್ಲಿ ಉಗುರು ಹಾಕಿದೆ. ಬಿಳಿ ಪುಡಿ ಬಂತು. ಅದು ವಿಭೂತಿ, ನಮ್ಮ ಬಾಯಲ್ಲಿ ಈಬತ್ತಿ. ನಮ್ಮ ಕಡೆ ಯಾವ ಗಾಡಿಗೆ ವಿಭೂತಿ ಇಲ್ಲ? ಅಮಾವಾಸ್ಯೆ ಬಂದರೆ ತೊಳೆದು, ವಿಭೂತಿ ಎಳೆದು, ಕುಂಕುಮ ಇಟ್ಟು, ಗಾಲಿಗೆ ನಿಂಬೆಹಣ್ಣು ಕೊಡುತ್ತಾರೆ. ಹಾಗಾಗಿಯೇ ಪ್ರತಿ ಸಲ ಸುಮ್ಮನೆ ಒರೆಸಿಬಿಡುತ್ತಿದ್ದೆ. ಈ ಸಲ ಇನ್ನೂ ಒಳಗೆ ಕೆರೆದೆ. ಕಂದು ಬಣ್ಣದ ಜಿಗುಟು. ಮೂಸಿದೆ. ಹುಣಸೆಹಣ್ಣು!

"ಟೀಚರ್, ಮನಿಯಾಗ ಕಾರ್ ಯಾರ್ ತೊಳೀತಾರ?" ಎಂದು ಕೂಗಿದೆ.

"ನಮ್ಮ ಅತ್ತಿ. ಅಮಾಸಿಗೊಮ್ಮೆ ತೊಳದು ಪೂಜಿ ಮಾಡ್ತಾರ. ನಾ ಅಡಿಗಿ ಮನಿಯಾಗ ಇರ್ತೀನಿ. ಭಾಳ ಸ್ವಚ್ಛ ತೊಳೀತಾರ."

ಮಿಸ್ತ್ರಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮರುದಿನವೇ ಅಮಾವಾಸ್ಯೆ.

ಬೆಳಿಗ್ಗೆ ಬೇಗ ಟೀಚರ್ ಮನೆಗೆ ಹೋದೆ. ಅಂಗಳದಲ್ಲಿ ಕಾರಿನ ಮುಂದೆ ಮಣೆ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಟೀಚರ್ ಅತ್ತೆ ನೀಲವ್ವ ಕುಳಿತಿದ್ದರು. ಒಂದು ಬಟ್ಟಲಲ್ಲಿ ನೆನೆದ ಹುಣಸೆಹಣ್ಣು, ಇನ್ನೊಂದರಲ್ಲಿ ಒಲೆಯ ಬೂದಿ, ಕೈಯಲ್ಲಿ ತೆಂಗಿನ ನಾರು. ಪಕ್ಕದಲ್ಲಿ ಆಗಲೇ ತಿಕ್ಕಿ ಬೋರಲು ಹಾಕಿದ ಹಿತ್ತಾಳೆಯ ಸಮಯಿ ದೀಪಗಳು, ಪೂಜೆಯ ತಂಬಿಗೆ. ಅವೆಲ್ಲ ಮುಗಿಸಿ ಈಗ ಹೆಡ್‌ಲೈಟಿಗೆ ಬಂದಿದ್ದರು. ದುಂಡಗೆ, ತಾಳ ಹಾಕಿದ ಹಾಗೆ ತಿಕ್ಕುತ್ತಿದ್ದರು. ಆದರೂ ಆ ಕೈಯ ಲಯ ನೋಡಿ ನನಗೆ ಮೆಚ್ಚಿಗೆಯಾಯಿತು.

"ಬಾರವ್ವಾ, ನೀನ ಅಲ್ಲೇನ ಗ್ಯಾರೇಜಿನ ಶಾಂತವ್ವ?" ಎಂದರು ನೀಲವ್ವ. "ನೋಡಿಲ್ಲೆ, ಹ್ಯಾಂಗ ಫಳಫಳ ಹೊಳೀತಾವ! ನಮ್ಮವರು ಇದ್ದಾಗ ಈ ಕಾರಿನ ಮ್ಯಾಲ ಧೂಳ ಕುಂಡ್ರಾಕ ಬಿಡ್ತಿರಲಿಲ್ಲ. ಅವರು ಹೋದ ಮ್ಯಾಲ ನಾ ಹಿಡದೀನಿ. ಕಾರ್ ಓಡಸೂದು ನನಗ ಬರಂಗಿಲ್ಲ, ತಿಕ್ಕೂದರ ಬರ್ತೈತಿ."

ನೀರು ಹೊಯ್ದರು. ನಿಜವಾಗಿಯೂ ಗ್ಲಾಸು ಹೊಳೆಯಿತು. ಆಗ ನನಗೆ ಎಲ್ಲ ಅರ್ಥವಾಯಿತು. ಗೀರು ಬಿದ್ದ ಗ್ಲಾಸು ಒದ್ದೆಯಿದ್ದಾಗ ತಿಳಿಯಾಗಿಯೇ ಕಾಣುತ್ತದೆ, ನೀರು ಗೀರುಗಳನ್ನು ಮುಚ್ಚುತ್ತದೆ. ನೀಲವ್ವ ಒದ್ದೆ ಗ್ಲಾಸಿಗೇ ವಿಭೂತಿ ಎಳೆದು, ಊದುಬತ್ತಿ ಬೆಳಗಿ, ಸಂತೋಷದಿಂದ ಒಳಗೆ ಹೋಗುತ್ತಿದ್ದರು. ಅದು ಒಣಗಿದಾಗ ನೋಡಲು ಅಲ್ಲಿ ಇರುತ್ತಿರಲಿಲ್ಲ. ಆಮೇಲೆ ಮಬ್ಬು ಕಂಡರೆ ದಾರಿಯ ಧೂಳು ಎಂದುಕೊಂಡು, ಮುಂದಿನ ಅಮಾವಾಸ್ಯೆಗೆ ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದರು.

"ಆಯಿ, ಇವತ್ತ ಈಬತ್ತಿ ಸ್ವಲ್ಪ ತಡದ ಹಚ್ಚೂಣು. ಇಲ್ಲೇ ನನ್ನ ಕೂಡ ಕುಂಡ್ರಿ," ಎಂದೆ.

ಕುಳಿತೆವು. ಟೀಚರ್ ಚಹಾ ತಂದರು. ಬಿಸಿಲು ಏರಿ ನೀರು ಆರತೊಡಗಿತು. ಅಂಚಿನಿಂದ ಬೆಳ್ಳಗಿನ ಮಬ್ಬು ಮೆಲ್ಲಗೆ ಒಳಗೆ ಹರಡಿ, ಕೊನೆಗೆ ಇಡೀ ಗ್ಲಾಸನ್ನು ಮುಚ್ಚಿತು. ನೀಲವ್ವನ ಕೈಯಲ್ಲಿದ್ದ ಬಟ್ಟಲು ಹಾಗೆಯೇ ನಿಂತಿತು. ಸೊಸೆಯ ಕಡೆ ತಿರುಗಿದರು.

"ಗಿರಿಜಾ, ಅಂದ್ರ... ನೀ ಗ್ಯಾರೇಜಿಗೆ ಎಡತಾಕಿದ್ದೆಲ್ಲಾ ನನ್ನ ಸಲುವಾಗೇನ?"

ನೀಲವ್ವನ ಕಣ್ಣು ತುಂಬಿದವು. "ಆ ಹುಡುಗ್ಯಾರ ಆಟ ನಾ ಕೆಡಿಸಿದ್ನಲ್ಲವ್ವಾ," ಎಂದರು.

"ಇನ್ನೂ ಕೆಟ್ಟಿಲ್ರಿ ಆಯಿ," ಎಂದೆ. "ನಿಮ್ಮ ಕೈ ನನಗ ಬೇಕು. ಇಂಥಾ ಕೈ ನಮ್ಮ ಗ್ಯಾರೇಜಿನಾಗ ಒಬ್ಬರದೂ ಇಲ್ಲ. ಬೂದಿ ಒಂದ ಬಿಡ್ರಿ, ಏಳ್ರಿ."

ಟೀಚರ್ ಶಾಲೆಗೆ ರಜೆ ಹೇಳಿ, ಸಂಜೆ ತಾವು ಬರುವವರೆಗೆ ಹುಡುಗಿಯರನ್ನು ನಿಲ್ಲಿಸಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿದರು. ಅತ್ತೆ ಸೊಸೆ ಇಬ್ಬರನ್ನೂ ಕರೆದುಕೊಂಡು ಅದೇ ಕಾರಿನಲ್ಲಿ ಗ್ಯಾರೇಜಿಗೆ ಬಂದೆ. ಒಂದು ಗ್ಲಾಸಿಗೆ ನಾನು, ಇನ್ನೊಂದಕ್ಕೆ ನೀಲವ್ವ. ವಾಟರ್ ಪೇಪರನ್ನು ನೀರಲ್ಲಿ ನೆನೆಸಿ ಅವರ ಕೈಗೆ ಕೊಟ್ಟು, ದುಂಡಗೆ ಬೇಡ, ಅಡ್ಡ ಒಮ್ಮೆ, ಉದ್ದ ಒಮ್ಮೆ ಎಂದು ತೋರಿಸಿದೆ. ಒಮ್ಮೆ ನೋಡಿದರು, ಅಷ್ಟೇ. ಗ್ಲಾಸು ಸುಣ್ಣದ ಗೋಡೆಯಂತೆ ಬೆಳ್ಳಗಾಯಿತು. ಟೀಚರ್ "ಅಯ್ಯ!" ಎಂದು ಬಾಯಿಗೆ ಸೆರಗು ಹಿಡಿದರು. ನಾನು ನೀಲವ್ವನನ್ನೇ ನೋಡುತ್ತಿದ್ದೆ, ಈಗ ಕೂಗುತ್ತಾರೆ ಎಂದು. ಅವರು ತಲೆಯನ್ನೂ ಎತ್ತಲಿಲ್ಲ.

"ಇರ್ಲಿ ಬಿಡವ್ವಾ. ಸಮಯಿನೂ ಹುಣಸಿ ಹಚ್ಚಿದ ಕೂಡಲೇ ಮೊದಲ ಮಾರಿ ಕೆಡಿಸ್ಕೋತೈತಿ. ಆಮ್ಯಾಲ ಹೊಳೀತೈತಿ."

ನನ್ನ ಇಡೀ ಕೆಲಸದ ಕಾಲದಲ್ಲಿ ಆ ಹೊತ್ತಿಗೆ ಕೂಗದ ಒಬ್ಬರೇ ಒಬ್ಬ ಗಿರಾಕಿ ನೀಲವ್ವ. ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು, ಕೈಯೆಲ್ಲ ರಾಡಿಯಾಗಿದ್ದರಿಂದ ಸುಮ್ಮನಾದೆ.

ಪಾಲಿಶ್ ಮುಗಿದು, ಲ್ಯಾಕರ್ ಬಿಟ್ಟು, ಕಾರನ್ನು ಬಿಸಿಲಿಗೆ ನಿಲ್ಲಿಸಿದೆವು. ಆಗ ನೀಲವ್ವನಿಗೆ ಚಿಂತೆ ಹತ್ತಿತು. "ಅಮಾಸಿ ದಿನ ಈಬತ್ತಿ ಹಚ್ಚದ ಹ್ಯಾಂಗ ಬಿಡ್ಲಿ? ಎಲ್ಲಿ ಹಚ್ಲಿ?"

ಮಿಸ್ತ್ರಿ ಬೇರೊಂದು ಕಾರಿನ ಕೆಳಗಿಂದಲೇ ತಲೆ ಹೊರಹಾಕಿ, "ಆಯಿ, ನೀವು ಈಬತ್ತಿ ಹಣಿಗೆ ಹಚ್ಕೋತೀರೋ, ಕಣ್ಣಾಗ ಹಚ್ಕೋತೀರೋ?" ಎಂದರು.

ನೀಲವ್ವ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ನಗುತ್ತಲೇ ಎದ್ದು, ಬಾನೆಟ್ಟಿನ ಮುಂದೆ ನಡುಮಧ್ಯಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಕೈಮುಗಿದರು. ಅಂದಿನಿಂದ ನಮ್ಮ ಗ್ಯಾರೇಜಿಗೆ ಬಂದ ಪ್ರತಿಯೊಬ್ಬನಿಗೂ ಮಿಸ್ತ್ರಿ ಇದೇ ಪ್ರಶ್ನೆ ಕೇಳುತ್ತಿದ್ದರು. ಈಗ ರೋಣದ ಬಹಳ ಗಾಡಿಗಳಿಗೆ ವಿಭೂತಿ ಬಾನೆಟ್ಟಿನ ಮೇಲೆಯೇ ಇರುತ್ತದೆ, ನೋಡಿ ಬೇಕಾದರೆ.

ಕೆಲಸಕ್ಕೆ ಬರುವ ಹೊಸಬರೇ, ಮಾಡಿದ ಕೆಲಸ ಮತ್ತೆ ಮತ್ತೆ ಕೆಟ್ಟು ಬಂದರೆ ಡಬ್ಬಿಯನ್ನೂ ಬಿಸಿಲನ್ನೂ ಬೈಯುತ್ತ ಕೂರಬೇಡಿ. ಎದ್ದು ಆ ಮನೆಗೆ ಹೋಗಿ. ಗಾಡಿಯ ಮೇಲೆ ಯಾರಿಗೆ ಜೀವ ಇದೆಯೋ ಅವರನ್ನು ಹುಡುಕಿ ಮಾತಾಡಿಸಿ. ನನಗೆ ಇದು ಹೊಳೆಯಲು ಇಷ್ಟು ಅಮಾವಾಸ್ಯೆ ಬೇಕಾದವು.

ಅಂದು ಸಂಜೆ ಬೆಳಕು ಪರೀಕ್ಷೆ ಮಾಡಲು ನಾವೆಲ್ಲ ಹೊರಟೆವು. ಟೀಚರ್ ಸ್ಟೀರಿಂಗ್ ಹಿಡಿದರು. ಪಕ್ಕದ ಸೀಟಿನಲ್ಲಿ ನೀಲವ್ವ. ಅಷ್ಟು ವರ್ಷ ಹಿಂದೆಯೇ ಕುಳಿತವರು, ಮುಂದಿನ ಸೀಟಿಗೆ ಅದೇ ಮೊದಲು. ನಾನೂ ಮಿಸ್ತ್ರಿಯೂ ಹಿಂದೆ. ಊರು ದಾಟುತ್ತಿದ್ದಂತೆ ಹೊತ್ತು ಮುಳುಗಿತು. ಟೀಚರ್ ಲೈಟು ಹಾಕಿದರು. ಎರಡೂ ಬದಿಯ ಕಡಲೆ ಹೊಲ, ದಾರಿಯ ಅಂಚಿನ ಕಲ್ಲು, ದೂರದಲ್ಲಿ ಮೈತುಂಬ ಹೊಟ್ಟು ಹೇರಿಕೊಂಡು ಹೊರಟ ಟ್ರ್ಯಾಕ್ಟರಿನ ಹಿಂಬದಿ, ಎಲ್ಲ ಸ್ಪಷ್ಟವಾಗಿ ಕಂಡವು. ಕನ್ನಡಿಯಲ್ಲಿ ಟೀಚರ್ ಮುಖ ನೋಡಿದೆ, ಮುಗುಳ್ನಗು ಕಿವಿಯವರೆಗೆ ಹೋಗಿತ್ತು.

ಶಾಲೆಯ ಮೈದಾನದಲ್ಲಿ ಹುಡುಗಿಯರು ಚೀಲ ಹೆಗಲಿಗೇರಿಸಿ, ಜೊತೆಗೆ ಕಾಯುತ್ತಿದ್ದ ಮುಖ್ಯೋಪಾಧ್ಯಾಯರೊಂದಿಗೆ ನಿಂತಿದ್ದರು. ಟೀಚರ್ ಬರುವುದು ತಡವಾಗಿದ್ದಕ್ಕೆ, ಇನ್ನು ಆಟ ಮುಗಿಯಿತು ಎಂದೇ ಮಾತಾಡಿಕೊಂಡಿದ್ದರಂತೆ. ಟೀಚರ್ ಕಾರನ್ನು ಮೈದಾನದ ಅಂಚಿಗೆ ತಂದು, ಎರಡು ಕಂಬಗಳ ಕಡೆ ಮುಖ ಮಾಡಿ ನಿಲ್ಲಿಸಿ, ಲೈಟು ಪೂರ್ತಿ ಹಾಕಿದರು. ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಗೆರೆಗಳೆಲ್ಲ ಎದ್ದು ಕಂಡವು.

"ಒಂದ ಆಟ ಆಡ್ರಿ, ಆಮ್ಯಾಲ ಮನಿಗಿ ಹೋಗೂಣು," ಎಂದರು ಟೀಚರ್.

ಚೀಲಗಳು ಅಲ್ಲೇ ಬಿದ್ದವು. ಹುಡುಗಿಯರು ಸಾಲಾಗಿ ಕುಳಿತರು, ಓಡಿದರು, ಧೂಳು ಬೆಳಕಿನಲ್ಲಿ ಎದ್ದಿತು. ನೀಲವ್ವ ಬಾಗಿಲು ತೆರೆದು ಹೊರಬಂದು ನಿಂತಿದ್ದರು. ಒಬ್ಬಳು ಕುಳಿತವಳ ಬೆನ್ನಿಗೆ ಬಡಿದು ಕೂಗುವುದಕ್ಕೆ ಮೊದಲೇ ನೀಲವ್ವ "ಖೋ!" ಎಂದು ಕೂಗಿದರು. ಕುಳಿತವಳು ಪಾಪ ಎದ್ದೇ ಬಿಟ್ಟಳು. ಇಡೀ ಮೈದಾನ ನಕ್ಕಿತು. ಮಿಸ್ತ್ರಿ, "ಆಯಿ, ಫೌಲ್ ಆತು ನೋಡ್ರಿ ನಿಮ್ಮದು," ಎಂದು ಚಪ್ಪಾಳೆ ತಟ್ಟಿದರು. ಗೋಡೆಗೆ ಒರಗಿ ನೋಡುತ್ತಿದ್ದ ಆ ಹಳೆಯ ಶಾಂತವ್ವ ನೆನಪಾಗಿ ನಾನೂ ವಯಸ್ಸು ಮರೆತು ಕುಣಿದೆ.

ಆಟ ಮುಗಿದು ಹುಡುಗಿಯರು ಕಾರಿನ ಸುತ್ತ ನೆರೆದರು. ಒಬ್ಬಳು ಬೆಳಕಿಗೆ ಕೈ ಅಡ್ಡ ಹಿಡಿದು, "ಟೀಚರ್, ಹೊಸ ಲೈಟೇನ್ರಿ?" ಎನ್ನುತ್ತ ಧೂಳಿನ ಅಂಗೈಯನ್ನು ಗ್ಲಾಸಿನ ಮೇಲೇ ಊರಿದಳು.

"ಏ ಹುಡುಗೀ, ಮುಟ್ಟಬ್ಯಾಡ! ಇನ್ನೂ ಹಸೀದೈತಿ ಅದು!" ಎಂದು ನೀಲವ್ವ ಓಡಿ ಬಂದರು. ಹುಡುಗಿ ಬೆಚ್ಚಿ ಕೈ ತೆಗೆದಳು. ಗ್ಲಾಸಿನ ಮೇಲೆ ಧೂಳಿನ ಐದು ಬೆರಳು. ನೀಲವ್ವ ಬಗ್ಗಿ, ಅಭ್ಯಾಸಬಲದಿಂದ ಸೆರಗು ಸುತ್ತಿ ತಿಕ್ಕಲು ಕೈ ಒಯ್ದರು. ಕೈ ಗ್ಲಾಸಿನ ಹತ್ತಿರ ಹೋಗಿ ನಿಂತಿತು. ತಿರುಗಿ ನನ್ನ ಮುಖ ನೋಡಿದರು. ಸೆರಗನ್ನು ಮೆಲ್ಲಗೆ ಕೆಳಗೆ ಬಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊಮ್ಮಗುವಿನ ಕಣ್ಣಿಗೆ ಬಿದ್ದ ಕಸ ತೆಗೆಯುವವರಂತೆ, ಉಫ್ ಎಂದು ಬಾಯಿಂದ ಊದಿದರು.